ಭಾಷಣ ಕಡಿಮೆ ಮಾಡಿ, ನಮ್ಮ ರಿಜಿಸ್ಟರ್ ತೆರೆದು ತೋರಿಸಿ

ಹೌಸಿಂಗ್ ಸೊಸೈಟಿಗಳ ಕಮಿಟಿ ಸದಸ್ಯರಿಗಾಗಿ ಪ್ರತಿ ವರ್ಷ ತರಬೇತಿ ಸಮ್ಮೇಳನ ನಡೆಸುವ ಒಕ್ಕೂಟದ ಪದಾಧಿಕಾರಿಗಳಿಗೆ, ಸಹಕಾರ ಇಲಾಖೆಯ ಅಧಿಕಾರಿಗಳಿಗೆ, ಹಾಗೂ ಮುಂಬೈಯ ಕನ್ನಡ ಸಂಘಗಳ ಹಿರಿಯರಿಗೆ,

ನಮಸ್ಕಾರ.

ನಾನು ಮುಲುಂಡಿನ ಒಂದು ಸೊಸೈಟಿಯ ಖಜಾಂಚಿ. 3 ವಿಂಗ್, 48 ಮನೆ, ಲಿಫ್ಟ್ ಇಲ್ಲ. ಕಟ್ಟಡಕ್ಕೆ 30 ವರ್ಷ ದಾಟಿದೆ. ನನ್ನ ತವರು ಗದಗ. ಮದುವೆಯಾಗಿ ಮುಂಬೈಗೆ ಬಂದವಳು ಇಲ್ಲಿಯವಳೇ ಆಗಿಬಿಟ್ಟೆ. ಕಮಿಟಿಯಲ್ಲಿ ಮಹಿಳೆಯರಿಗೆ ಮೀಸಲಿಟ್ಟ ಸ್ಥಾನದಿಂದ ಒಳಗೆ ಬಂದೆ. ಆಮೇಲೆ ಲೆಕ್ಕ ಬರೆಯಲು ಯಾರೂ ಮುಂದೆ ಬರಲಿಲ್ಲ, ಆ ಕೆಲಸ ನನ್ನ ಕೈಗೆ ಬಂತು.

ಇದೇ ಪತ್ರವನ್ನು ಮರಾಠಿಯಲ್ಲಿ ಬರೆದು ಒಕ್ಕೂಟದ ಕಚೇರಿಗೆ ಕೊಟ್ಟಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದಕ್ಕೆ ಕಾರಣ ಇದೆ. ಈ ಊರಿನ ಎಷ್ಟೋ ಸೊಸೈಟಿಗಳ ಕಮಿಟಿಯಲ್ಲಿ ನಮ್ಮವರಿದ್ದಾರೆ. ಹೋಟೆಲಿನವರು, ಬ್ಯಾಂಕಿನಿಂದ ನಿವೃತ್ತರಾದವರು, ನನ್ನ ಹಾಗೆ ಮನೆ ನೋಡಿಕೊಂಡಿರುವವರು. ನಾನು ಹೇಳುವ ಕಷ್ಟ ಅವರದ್ದೂ ಹೌದು ಅಂತ ನನಗೆ ಚೆನ್ನಾಗಿ ಗೊತ್ತು.

ಸಮ್ಮೇಳನಕ್ಕೆ ನಾನು ಎರಡು ಸಲ ಬಂದಿದ್ದೇನೆ. ಎರಡೂ ಸಲ ಆಸೆಯಿಂದ ಬಂದೆ. ನೋಟ್‌ಬುಕ್, ಪೆನ್ನು, ನಮ್ಮ ಸೊಸೈಟಿಯ ಉಪವಿಧಿಗಳ (ಬೈಲಾ) ಪುಸ್ತಕ, ಎಲ್ಲ ಚೀಲದಲ್ಲಿ ಹಾಕಿಕೊಂಡು ಬಂದೆ. ಹತ್ತೂವರೆಗೆ ಶುರು ಅಂತ ಕಾರ್ಡಿನಲ್ಲಿತ್ತು. ಅತಿಥಿಗಳು ಬಂದಾಗ ಹನ್ನೆರಡು. ದೀಪ ಬೆಳಗಿದರು. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು, ಒಬ್ಬೊಬ್ಬರೂ ಮಾತಾಡಿದರು. ಊಟವಾದ ಮೇಲೆ ಒಬ್ಬ ವಕೀಲರು ಬಂದು ಕಾಯ್ದೆ ಹೇಳಿದರು. ತುಂಬಾ ತಿಳಿದವರು. ಆದರೆ 40 ನಿಮಿಷದಲ್ಲಿ ಸೊಸೈಟಿ ಕಾಯ್ದೆಯನ್ನೆಲ್ಲ ಮುಗಿಸಬೇಕಿತ್ತು, ಪಾಪ, ಅವರು ತಾನೇ ಏನು ಮಾಡುತ್ತಾರೆ? ಪ್ರಶ್ನೆ ಇದ್ದರೆ ಚೀಟಿಯಲ್ಲಿ ಬರೆದು ಕೊಡಿ ಅಂದರು. ಬರೆದು ಕೊಟ್ಟೆ. ಆ ಚೀಟಿ ಓದುವ ಹೊತ್ತಿಗೆ ಸಭಾಂಗಣ ಬಿಟ್ಟುಕೊಡುವ ಸಮಯ ಆಗಿತ್ತು.

ಆ ಚೀಟಿಯ ಹಿಂದಿದ್ದ ಕತೆಯನ್ನು ಇಲ್ಲಿ ಬರೆಯಲೇಬೇಕು.

ನಾನು ಖಜಾಂಚಿ ಆದ ಮೊದಲ ವರ್ಷ ಕಟ್ಟಡಕ್ಕೆ ಬಣ್ಣ ಹೊಡೆಸುವ ಮಾತು ಬಂತು. ಹೊರಗೋಡೆ ಪಾಚಿ ಹಿಡಿದು ಕಪ್ಪಾಗಿತ್ತು. ಹಣ ಸಾಲದು. ಬ್ಯಾಂಕಿನಲ್ಲಿ ಸಿಂಕಿಂಗ್ ಫಂಡಿನ 6 ಲಕ್ಷದ ಎಫ್‌ಡಿ ಇತ್ತು. ಸೊಸೈಟಿಯದ್ದೇ ಹಣ, ಸೊಸೈಟಿಯ ಕೆಲಸಕ್ಕೇ ತಾನೇ, ಅಂತ ಎಲ್ಲರೂ ಅಂದರು. ನನಗೂ ಹಾಗೇ ಅನ್ನಿಸಿತು. ಎಫ್‌ಡಿ ಮುರಿದೆವು. ಚೆಕ್ಕಿನ ಮೇಲೆ ನನ್ನ ಸಹಿ ಇತ್ತು. ಕಟ್ಟಡ ಚೆಂದ ಕಂಡಿತು, ಆ ವರ್ಷದ ಗಣೇಶ ಹಬ್ಬಕ್ಕೆ ಎಲ್ಲರೂ ನಮ್ಮನ್ನು ಹೊಗಳಿದರು.

ಆಡಿಟರ್ ಬಂದು ವರದಿಯಲ್ಲಿ ಬರೆದರು. ಸಿಂಕಿಂಗ್ ಫಂಡ್ ಇರುವುದು ಕಟ್ಟಡವನ್ನು ಮತ್ತೆ ಕಟ್ಟುವ ಕಾಲಕ್ಕೆ, ಇಲ್ಲವೇ ಕಂಬ, ತೊಲೆ, ಸ್ಲ್ಯಾಬಿನಂಥ ದೊಡ್ಡ ರಿಪೇರಿಗೆ. ಅದಕ್ಕೂ ಸಾಮಾನ್ಯ ಸಭೆಯ ಠರಾವು ಬೇಕು. ಬಣ್ಣಕ್ಕೆ ಆ ಹಣ ಮುಟ್ಟುವ ಹಾಗಿಲ್ಲ. ಬಣ್ಣ ರಿಪೇರಿ ಫಂಡಿನಿಂದ ಬರಬೇಕು. ಸಹಕಾರ ಇಲಾಖೆಯ ಮಾದರಿ ಉಪವಿಧಿಯಲ್ಲಿ ಎರಡಕ್ಕೂ ಬೇರೆ ಬೇರೆ ಲೆಕ್ಕವೇ ಇದೆ. ಜಾಗದ ಬೆಲೆ ಬಿಟ್ಟು ಮನೆ ಕಟ್ಟಿದ ಖರ್ಚಿನ ಮೇಲೆ ವರ್ಷಕ್ಕೆ ಶೇಕಡ 0.25 ಸಿಂಕಿಂಗ್ ಫಂಡಿಗೆ, ಕನಿಷ್ಠ ಶೇಕಡ 0.75 ರಿಪೇರಿ ಫಂಡಿಗೆ. ನಾವು ವರ್ಷಗಟ್ಟಲೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಬಿಲ್ಲು ಕಳಿಸುತ್ತಿದ್ದೆವು. ಹಿಂದಿನವರು ಹಾಗೆ ಮಾಡುತ್ತಿದ್ದರು, ನಾವೂ ಮಾಡಿದೆವು.

ಆ 6 ಲಕ್ಷ ಮತ್ತೆ ತುಂಬಿಸಲು ಮನೆಗೆ ತಿಂಗಳಿಗೆ 500 ರೂಪಾಯಿಯಂತೆ 25 ತಿಂಗಳು ಎತ್ತಬೇಕಾಯಿತು. ಹೊಗಳಿದವರೇ ಮೆಟ್ಟಿಲ ಮೇಲೆ ನನ್ನನ್ನು ನೋಡಿ ಮುಖ ತಿರುಗಿಸಿದರು. ಅವರದ್ದು ತಪ್ಪಲ್ಲ. ಪಿಂಚಣಿಯಲ್ಲಿ ಬದುಕುವವರಿಗೆ ತಿಂಗಳಿಗೆ 500 ರೂಪಾಯಿ ದೊಡ್ಡದೇ. ಕಮಿಟಿ ತೆಗೆದುಕೊಳ್ಳುವ ತೀರ್ಮಾನಗಳಿಗೆ ಕಮಿಟಿಯವರು ಎಲ್ಲರೂ ಒಟ್ಟಾಗಿಯೂ, ಒಬ್ಬೊಬ್ಬರಾಗಿಯೂ ಹೊಣೆ ಅಂತ ಕಾಯ್ದೆ ಹೇಳುತ್ತದೆ. ಈ ಮಾತು ನನಗೆ ಗೊತ್ತಾಗಿದ್ದು ಆಗ. ಸಹಿ ಹಾಕುವ ಮೊದಲು ಯಾರಾದರೂ ಪಕ್ಕದಲ್ಲಿ ಕೂತು, ಉಪವಿಧಿಯ ಈ ಎರಡು ಸಾಲು ತೋರಿಸಿ, ಹತ್ತು ನಿಮಿಷ ಹೇಳಿದ್ದರೆ ಸಾಕಿತ್ತು.

ಇನ್ನೊಂದು ಘಟನೆ ಇದಕ್ಕಿಂತ ಜಾಸ್ತಿ ನೋವಿನದ್ದು. ನಮ್ಮ ಸಿ ವಿಂಗಿನಲ್ಲಿ ಕಾರ್ಕಳ ಕಡೆಯ ಒಬ್ಬ ಅಣ್ಣ ಇದ್ದರು. ಒಂದು ಆಫೀಸಿನ ಕ್ಯಾಂಟೀನ್ ನಡೆಸಿ ಮನೆ ಮಾಡಿಕೊಂಡಿದ್ದರು. ಮನೆ ಅವರೊಬ್ಬರ ಹೆಸರಿನಲ್ಲಿತ್ತು. ಹೆಂಡತಿ ಹೆಸರು ಬರೆದು ನಾಮಿನೇಷನ್ ಫಾರಂ ಕೊಟ್ಟಿದ್ದೇನೆ ಅಂತ ಯಾವಾಗಲೂ ಹೇಳುತ್ತಿದ್ದರು. ಅವರು ಹೃದಯಾಘಾತದಿಂದ ತೀರಿಕೊಂಡ ಮೇಲೆ ಅಕ್ಕ ಬಂದು ಕೇಳಿದರು. ನಾಮಿನೇಷನ್ ರಿಜಿಸ್ಟರ್ ತೆಗೆದೆವು. ಅವರ ಹೆಸರೇ ಇಲ್ಲ. ನಡಾವಳಿ ಪುಸ್ತಕದಲ್ಲೂ ಇಲ್ಲ.

ನಿಯಮ ತುಂಬಾ ಸರಳ. ಫಾರಂ ಮೂರು ಪ್ರತಿ ಬರಬೇಕು. ಸೆಕ್ರೆಟರಿ ಅದನ್ನು ಮುಂದಿನ ಕಮಿಟಿ ಸಭೆಯಲ್ಲಿ ಇಡಬೇಕು. ನಡಾವಳಿಯಲ್ಲಿ ಬರೆಯಬೇಕು. ರಿಜಿಸ್ಟರಿನಲ್ಲಿ ಏರಿಸಬೇಕು. ನಾಲ್ಕು ಕೆಲಸ, ಕಾಲು ಗಂಟೆ. ಯಾವುದೋ ಕಮಿಟಿಯ ಕಾಲದಲ್ಲಿ ಅದು ಆಗಲಿಲ್ಲ. ಅಕ್ಕ ಎಂಟು ತಿಂಗಳು ಓಡಾಡಿದರು. ಪೇಪರಿನಲ್ಲಿ ನೋಟಿಸು ಹಾಕಿಸಿದರು. ದುಬೈಯಲ್ಲಿದ್ದ ಮಗನಿಂದ, ಊರಲ್ಲಿದ್ದ ಮಗಳಿಂದ ಕಾಗದಪತ್ರ ತರಿಸಿದರು. ಗಂಡನನ್ನು ಕಳೆದುಕೊಂಡ ಹೆಂಗಸು ಪ್ರತಿ ಸಲ ಸೊಸೈಟಿ ಆಫೀಸಿನ ಬಾಗಿಲಿಗೆ ಬಂದು ನಿಲ್ಲುವಾಗ ನಮಗೆ ತಲೆ ಎತ್ತಿ ನೋಡಲು ಆಗುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ, ಮಳೆಗಾಲಕ್ಕೆ ಮೊದಲು ಕಪಾಟು ಸ್ವಚ್ಛ ಮಾಡುವಾಗ ಆ ಫಾರಂ ಸಿಕ್ಕಿತು. ನೀರಿನ ಬಿಲ್ಲುಗಳ ಕಟ್ಟಿನಲ್ಲಿ ಸೇರಿಕೊಂಡಿತ್ತು. ಸೊಸೈಟಿಯ ಸ್ವೀಕೃತಿ ಮುದ್ರೆಯೂ ಇತ್ತು. ಅಣ್ಣ ಸುಳ್ಳು ಹೇಳಿರಲಿಲ್ಲ.

ಆಗ ನಾನು ಕೂತು ಎಲ್ಲ 48 ಮನೆಗಳ ರಿಜಿಸ್ಟರ್ ತಿರುವಿ ನೋಡಿದೆ. ಒಬ್ಬೊಬ್ಬ ಸದಸ್ಯರ ವಿವರ ಬರೆಯುವ ಐ ರಿಜಿಸ್ಟರ್, ಸದಸ್ಯರ ಪಟ್ಟಿಯ ಜೆ ರಿಜಿಸ್ಟರ್, ಶೇರು ಸರ್ಟಿಫಿಕೇಟಿನ ಪ್ರತಿಗಳು. ಎಷ್ಟು ಜಾಗ ಖಾಲಿ ಇತ್ತು ಅಂತ ಇಲ್ಲಿ ಬರೆಯುವುದಿಲ್ಲ. ನಿಮ್ಮ ನಿಮ್ಮ ಸೊಸೈಟಿಯಲ್ಲಿ ಒಮ್ಮೆ ತೆಗೆದು ನೋಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಒಕ್ಕೂಟದವರಿಗೆ ನನ್ನ ಬೇಡಿಕೆ ಇಲ್ಲಿಂದ ಹುಟ್ಟಿದ್ದು. ಸಮ್ಮೇಳನದ ದಿನ ವೇದಿಕೆ ಅರ್ಧ ಗಂಟೆಯಲ್ಲಿ ಮುಗಿಯಲಿ. ಉಳಿದ ಹೊತ್ತು ಮೇಜು ಹಾಕಿ. ಒಂದೊಂದು ಮೇಜಿಗೆ ಹತ್ತು ಹನ್ನೆರಡು ಜನ, ಅನುಭವ ಇರುವ ಒಬ್ಬರು. ಒಂದು ಮೇಜಿನಲ್ಲಿ ಜೆ ರಿಜಿಸ್ಟರ್ ಮತ್ತು ನಾಮಿನೇಷನ್ ಹೇಗೆ ಬರೆಯುವುದು ಅಂತ ಕೈಹಿಡಿದು ಬರೆಸಿ. ಇನ್ನೊಂದರಲ್ಲಿ ಮೇಂಟೆನೆನ್ಸ್ ಬಿಲ್ಲು ಇಟ್ಟುಕೊಂಡು ಒಂದೊಂದೇ ಸಾಲು ಬಿಡಿಸಿ ಹೇಳಿ. ಮನೆ ಬಾಡಿಗೆಗೆ ಕೊಟ್ಟವರಿಂದ, ತಾವು ಅಲ್ಲಿ ವಾಸ ಇಲ್ಲದ್ದಕ್ಕೆ ಹಾಕುವ ನಾನ್-ಆಕ್ಯುಪೆನ್ಸಿ ಶುಲ್ಕ ಎಷ್ಟು ತೆಗೆದುಕೊಳ್ಳಬಹುದು? ಸರ್ವಿಸ್ ಚಾರ್ಜಿನ ಶೇಕಡ 10 ಮೀರಬಾರದು ಅಂತ ಸರ್ಕಾರ 2001ರ ಆಗಸ್ಟ್‌ನಲ್ಲೇ ಹೇಳಿದೆ. ಆದರೂ ಬಾಯಿಗೆ ಬಂದ ಮೊತ್ತ ಹಾಕುವ ಸೊಸೈಟಿಗಳು ಈಗಲೂ ಇವೆ. ಮನೆ ಮಾರಿದಾಗ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ಸೊಸೈಟಿ ತೆಗೆದುಕೊಳ್ಳುವ ವರ್ಗಾವಣೆ ಪ್ರೀಮಿಯಂ 25,000 ರೂಪಾಯಿ ದಾಟಬಾರದು ಅಂತಲೂ ಅದೇ ತಿಂಗಳು ಹೇಳಿದೆ. ಇದನ್ನು ಭಾಷಣದಲ್ಲಿ ಕೇಳಿದರೆ ಮರೆತುಹೋಗುತ್ತದೆ. ತನ್ನದೇ ಸೊಸೈಟಿಯ ಬಿಲ್ಲಿನ ಮೇಲೆ ಪೆನ್ನಿನಿಂದ ಗುರುತು ಮಾಡಿಕೊಂಡರೆ ಮರೆಯುವುದಿಲ್ಲ.

ಸ್ಟ್ರಕ್ಚರಲ್ ಆಡಿಟ್ಟಿಗೂ, ಅಂದರೆ ಕಟ್ಟಡ ಎಷ್ಟು ಗಟ್ಟಿ ಇದೆ ಅಂತ ನೋಡುವ ಪರೀಕ್ಷೆಗೂ, ಒಂದು ಮೇಜು ಬೇಕೇ ಬೇಕು. ಕಟ್ಟಡಕ್ಕೆ 15ರಿಂದ 30 ವರ್ಷ ಆಗಿದ್ದರೆ 5 ವರ್ಷಕ್ಕೊಮ್ಮೆ, 30 ದಾಟಿದ್ದರೆ 3 ವರ್ಷಕ್ಕೊಮ್ಮೆ ಮಾಡಿಸಬೇಕು. ವರದಿ ಬರುತ್ತದೆ, ಎಂಜಿನಿಯರ್ ಭಾಷೆಯಲ್ಲಿ 60 ಪುಟ. ಅದರಲ್ಲಿ ಯಾವುದು ಈ ವರ್ಷವೇ ಆಗಬೇಕು, ಯಾವುದು ಮುಂದಿನ ವರ್ಷಕ್ಕೆ ಆದೀತು ಅಂತ ನಮ್ಮಂಥವರು ಹೇಗೆ ತಿಳಿಯಬೇಕು? ಬೆಂಕಿ ಆರಿಸುವ ಸಲಕರಣೆ ಸರಿಯಾಗಿದೆ ಅನ್ನುವ ಅಗ್ನಿಸುರಕ್ಷೆಯ ಬಿ ಫಾರಂ ಪ್ರತಿ ವರ್ಷ ಜನವರಿಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಕೊಡಬೇಕು ಅಂತ ಎಷ್ಟು ಕಮಿಟಿಗೆ ಗೊತ್ತಿದೆ? ಇದು ಪ್ರಾಣದ ಮಾತು.

ಸಮಯದ ಬಗ್ಗೆಯೂ ಯೋಚಿಸಿ. ನಮ್ಮ ಭಾಗದಲ್ಲಿ ಸಮ್ಮೇಳನ ಡಿಸೆಂಬರಿನಲ್ಲಿ ಆಗುತ್ತದೆ. ಲೆಕ್ಕದ ಆಡಿಟ್ ಮುಗಿಯಬೇಕಾದ್ದು ಜುಲೈ 31ರ ಒಳಗೆ. ವಾರ್ಷಿಕ ಸಾಮಾನ್ಯ ಸಭೆ ಸೆಪ್ಟೆಂಬರ್ 30ರ ಒಳಗೆ. ಎಲ್ಲ ಮುಗಿದು, ತಪ್ಪು ಮಾಡಿ ಆದ ಮೇಲೆ ಕಲಿಸಿದರೆ ಏನು ಉಪಯೋಗ? ಏಪ್ರಿಲ್, ಮೇ ಬೇಡ, ಆಗ ಅರ್ಧ ಮುಂಬೈ ಊರಿಗೆ ಹೋಗಿರುತ್ತದೆ. ಜೂನ್ ಎರಡನೇ ಭಾನುವಾರ ಇಟ್ಟುಕೊಳ್ಳಿ. ಶಾಲೆ ಶುರುವಾಗುವ ಹೊತ್ತಿಗೆ ಎಲ್ಲರೂ ವಾಪಸ್ ಬಂದಿರುತ್ತಾರೆ. ಆಡಿಟ್ಟಿಗೆ ಇನ್ನೂ ಒಂದೂವರೆ ತಿಂಗಳು ಇರುತ್ತದೆ. ಟೆರೇಸು ಸೋರಲು ಶುರುವಾಗಿ ಎಲ್ಲರ ತಲೆಯಲ್ಲಿ ಸೊಸೈಟಿಯ ಚಿಂತೆ ಇರುವ ಕಾಲವೂ ಅದೇ.

ಹಣದ ಮಾತು ಹೇಳದೆ ಇರಲಾರೆ. ಶಿಕ್ಷಣ ಮತ್ತು ತರಬೇತಿ ನಿಧಿ ಅಂತ ಪ್ರತಿ ಮನೆಯಿಂದ ತಿಂಗಳಿಗೆ 10 ರೂಪಾಯಿ ಎತ್ತುತ್ತೇವೆ. ಮಾದರಿ ಉಪವಿಧಿಯಲ್ಲೇ ಇದು ಇದೆ. 48 ಮನೆಗೆ ವರ್ಷಕ್ಕೆ 5,760 ರೂಪಾಯಿ. ಮಹಾರಾಷ್ಟ್ರದಲ್ಲಿ ಹೌಸಿಂಗ್ ಸೊಸೈಟಿಗಳು ಒಂದು ಲಕ್ಷಕ್ಕೂ ಹೆಚ್ಚು. ಜನ ತರಬೇತಿಗೆ ಅಂತಲೇ ಕೊಟ್ಟ ಹಣ ಇದು. ಸಹಕಾರ ಸಂಘಗಳ ಕುರಿತ 97ನೇ ಸಂವಿಧಾನ ತಿದ್ದುಪಡಿಯ ಬೆನ್ನಿಗೆ 2013ರಲ್ಲಿ ರಾಜ್ಯದ ಸಹಕಾರ ಕಾಯ್ದೆಗೆ 24ಎ ಕಲಂ ಸೇರಿಸಿದಾಗ, ಕಮಿಟಿ ಸದಸ್ಯರಿಗೆ ತರಬೇತಿ ಆಗಬೇಕು ಅನ್ನುವುದೇ ಅದರ ಆಶಯವಾಗಿತ್ತು. ಸಹಕಾರದ ಏಳು ತತ್ವಗಳಲ್ಲಿ ಐದನೆಯದೂ ಶಿಕ್ಷಣ, ತರಬೇತಿಯೇ ತಾನೇ?

ಸಮ್ಮೇಳನದ ಶುಲ್ಕ ತಲಾ 500 ರೂಪಾಯಿ. ನಮ್ಮ ಕಮಿಟಿಯಲ್ಲಿ 11 ಜನ. ಅಂದರೆ 5,500. ನಮ್ಮ ಮನೆಗಳವರು ಕೊಟ್ಟ ಒಂದು ವರ್ಷದ ಹಣ ಎಲ್ಲ 11 ಜನಕ್ಕೂ ಸರಿಹೋಗುತ್ತದೆ. ಆದರೆ ಒಂದು ಸೊಸೈಟಿಯಿಂದ ಇಬ್ಬರಿಗೆ ಮಾತ್ರ ಅವಕಾಶ ಅಂತ ಕಾರ್ಡಿನಲ್ಲಿ ಬರೆದಿರುತ್ತೀರಿ. ಆ ಇಬ್ಬರು ಯಾರಾಗಿರುತ್ತಾರೆ ಹೇಳಿ? ಚೇರ್ಮನ್ ಮತ್ತು ಸೆಕ್ರೆಟರಿ. ಮಹಿಳಾ ಸ್ಥಾನದಲ್ಲಿ ಬಂದವರು ಮನೆಯಲ್ಲೇ ಉಳಿಯುತ್ತಾರೆ. ನಾನು ಎರಡು ಸಲ ಬಂದಿದ್ದು ಸೆಕ್ರೆಟರಿಗೆ ಪುರುಸೊತ್ತು ಇರಲಿಲ್ಲ ಅಂತ. ಹೊಸದಾಗಿ ಆಯ್ಕೆಯಾದ ಹೆಂಗಸರಿಗೆ ಬೇರೆ ಕುರ್ಚಿಗಳನ್ನೇ ಕಾದಿರಿಸಿ ಅಂತ ಕೈಮುಗಿದು ಕೇಳುತ್ತೇನೆ. ಬಿಲ್ಲು, ರಸೀದಿ, ನೀರಿನ ಲೆಕ್ಕ, ವಾಚ್‌ಮನ್ ಪಗಾರ, ಎಷ್ಟೋ ಸೊಸೈಟಿಗಳಲ್ಲಿ ದಿನದ ಕೆಲಸ ನೋಡುವವರು ಅವರೇ.

ಇನ್ನೊಂದು ಮಾತು, ದಯವಿಟ್ಟು ತಪ್ಪು ತಿಳಿಯಬೇಡಿ. ಸಭಾಂಗಣದ ಬಾಗಿಲಲ್ಲಿ ಬಿಲ್ಡರುಗಳ ಮಳಿಗೆ ಇರುತ್ತದೆ. ಊಟದ ಖರ್ಚು ಅವರದ್ದು ಅಂತ ಬ್ಯಾನರ್ ಇರುತ್ತದೆ. ನಮ್ಮಂಥ ಹಳೆ ಕಟ್ಟಡದವರಿಗೆ ರಿಡೆವಲಪ್‌ಮೆಂಟ್, ಅಂದರೆ ಕಟ್ಟಡ ಕೆಡವಿ ಹೊಸದು ಕಟ್ಟಿಸುವುದು, ಜೀವನದ ಅತಿ ದೊಡ್ಡ ತೀರ್ಮಾನ. ಬಿಲ್ಡರ್ ಹೇಗೆ ಆರಿಸಬೇಕು, ಟೆಂಡರ್ ಹೇಗೆ ಕರೆಯಬೇಕು, ಸಭೆಯ ವಿಡಿಯೋ ತೆಗೆಯಬೇಕು ಅಂತ ಸರ್ಕಾರ ಸಹಕಾರ ಕಾಯ್ದೆಯ 79ಎ ಕಲಮಿನಡಿ 2009ರಲ್ಲಿ, ಮತ್ತೆ 2019ರ ಜುಲೈ 4ರಂದು ವಿವರವಾದ ಸೂಚನೆ ಕೊಟ್ಟಿದೆ. ಅದನ್ನು ಕಲಿಯಲು ಬಂದ ಜಾಗದಲ್ಲಿ ಬಿಲ್ಡರ್ ಕೊಟ್ಟ ಚೀಲ ಹಿಡಿದುಕೊಂಡು ಕೂರುವುದು ನನಗೆ ಸರಿ ಕಾಣಲಿಲ್ಲ. ಊಟ ಬೇಡ, ನಾವೇ ಡಬ್ಬಿ ತರುತ್ತೇವೆ.

ಈಗ ಭಾಷೆ. ನಾನು ಮರಾಠಿ ಮಾತಾಡುತ್ತೇನೆ, ಓದುತ್ತೇನೆ. ಈ ನೆಲದ ಭಾಷೆ ಅದು, ಸಮ್ಮೇಳನ ಮರಾಠಿಯಲ್ಲೇ ನಡೆಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ತರಕಾರಿ ಕೊಳ್ಳುವ ಮರಾಠಿ ಬೇರೆ, ಕಾಯ್ದೆಯ ಮರಾಠಿ ಬೇರೆ. ‘ಮಾನೀವ್ ಅಭಿಹಸ್ತಾಂತರಣ್’ ಅಂತ ವೇದಿಕೆಯಿಂದ ಹತ್ತು ಸಲ ಹೇಳಿದರು. ಅದು ಡೀಮ್ಡ್ ಕನ್ವೇಯನ್ಸ್ ಅಂತ ನನಗೆ ಹೊಳೆಯುವಾಗ ಮಾತು ಮುಂದೆ ಹೋಗಿತ್ತು. ಪಕ್ಕದಲ್ಲಿ ಕೂತಿದ್ದ ಮರಾಠಿಯವರಿಗೂ ಅದು ಗೊತ್ತಿರಲಿಲ್ಲ ಅಂತ ಆಮೇಲೆ ತಿಳಿಯಿತು. ಜಮೀನು ಇನ್ನೂ ಬಿಲ್ಡರ್ ಹೆಸರಿನಲ್ಲೇ ಇದ್ದರೆ, ಅವನು ಬರೆದುಕೊಡದೆ ಇದ್ದರೂ ಸೊಸೈಟಿ ಅರ್ಜಿ ಹಾಕಿ ತನ್ನ ಹೆಸರಿಗೆ ಮಾಡಿಸಿಕೊಳ್ಳುವ ದಾರಿ ಅದು. ಇಷ್ಟು ಹೇಳಲು ಒಂದೇ ವಾಕ್ಯ ಸಾಕು, ಅಲ್ವಾ?

ಹಾಗಾಗಿ ಕನ್ನಡ ಸಂಘಗಳ ಹಿರಿಯರಿಗೆ ನನ್ನ ಮಾತು. ಸಮ್ಮೇಳನದ ನಂತರದ ಭಾನುವಾರ ನಿಮ್ಮ ಸಭಾಗೃಹವನ್ನು ಮೂರು ಗಂಟೆ ಕೊಡಿ. ಅಲ್ಲಿ ಕಲಿತು ಬಂದವರು ಇಲ್ಲಿ ಕನ್ನಡದಲ್ಲಿ ಕಲಿಸಲಿ. ಮುಂಬೈ ಕನ್ನಡಿಗರಿಗೆ ಇದು ಹೊಸದಲ್ಲ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಯಲ್ಲಿ ಕೂತು ಓದಿದ ಊರು ಇದು. ಆ ರಾತ್ರಿ ಶಾಲೆಗಳನ್ನು ನಡೆಸಿದ್ದು ನಿಮ್ಮಂಥ ಸಂಘಗಳೇ. ಅಲ್ಲಿ ಓದಿದವರು ಎಷ್ಟೋ ಮಂದಿ ಇವತ್ತು ಸೊಸೈಟಿಗಳ ಚೇರ್ಮನ್‌ಗಳಾಗಿದ್ದಾರೆ.

ಸಹಕಾರವೂ ನಮಗೆ ಹೊರಗಿನಿಂದ ಬಂದ ಮಾತಲ್ಲ. ನನ್ನ ತವರಿಗೆ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದು ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಆಗ ಗದಗ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಹತ್ತು ವರ್ಷ ಕಳೆದು, 1915ರಲ್ಲಿ, ಇದೇ ಮುಂಬೈಯ ಗಾಮದೇವಿಯಲ್ಲಿ ಸಾರಸ್ವತ ಹೌಸಿಂಗ್ ಸೊಸೈಟಿ ಹುಟ್ಟಿತು. ಅದನ್ನು ಕಟ್ಟಿದ ಶ್ರೀಪಾದ ಸುಬ್ರಾವ ತಾಲಮಕಿ ಅವರೂ, ಅವರ ಜೊತೆಗಿದ್ದವರೂ ಕೆನರಾ ಕರಾವಳಿಯ ಮೂಲದವರು. ಈ ಊರಿಗೆ ಬಂದು ತಲೆಯ ಮೇಲೊಂದು ಸೂರು ಇಲ್ಲದೆ ಒದ್ದಾಡುತ್ತಿದ್ದ ತಮ್ಮವರಿಗಾಗಿ ಕೂಡಿ ಮನೆ ಕಟ್ಟಿದರು. ಗಾಮದೇವಿಗೆ ನಾನು ಒಮ್ಮೆ ಹೋಗಿ ಆ ಕಟ್ಟಡಗಳನ್ನು ನೋಡಿ ಬಂದಿದ್ದೇನೆ. ಹೊರಗೆ ನಿಂತು ಸುಮ್ನೆ ನೋಡಿದೆ. ಅವತ್ತು ಮನಸ್ಸು ತುಂಬಿ ಬಂತು.

ಸಹಕಾರ ಇಲಾಖೆಯ ಅಧಿಕಾರಿಗಳಲ್ಲಿ ನಾನು ಕೇಳುವುದು ಒಂದೇ. ಹೊಸ ಕಮಿಟಿ ಆಯ್ಕೆಯಾದ ಕೂಡಲೇ, ಮೊದಲ ಚೆಕ್ಕಿಗೆ ಸಹಿ ಬೀಳುವ ಮುಂಚೆ, ಒಂದು ದಿನದ ತರಬೇತಿ ಸಿಗುವ ಹಾಗೆ ಮಾಡಿ. ಕಮಿಟಿಯ ಅವಧಿ ಐದು ವರ್ಷ. ಐದು ವರ್ಷದಲ್ಲಿ ಒಂದು ದಿನ ಜಾಸ್ತಿ ಏನಲ್ಲ. ಸಂಬಳ ಇಲ್ಲದೆ, ಬೈಗುಳ ತಿಂದು, ಆಫೀಸಿನಿಂದ ಬಂದು ರಾತ್ರಿ ಹತ್ತಕ್ಕೆ ಪಂಪು ನೋಡಲು ಇಳಿಯುವ ಜನ ನಾವು. ಕಲಿಸಿದರೆ ಕಲಿಯುತ್ತೇವೆ.

ಈ ಜೂನಿನಲ್ಲಿ ಮೇಜು ಹಾಕಲು ಒಕ್ಕೂಟ ಒಪ್ಪಿದರೆ ನಾನು ಬರುತ್ತೇನೆ. ನಾಮಿನೇಷನ್ ಮೇಜಿನಲ್ಲಿ ಕೂರುತ್ತೇನೆ. ಸಿ ವಿಂಗಿನ ಅಕ್ಕನೂ ಬರುತ್ತೇನೆ ಅಂದಿದ್ದಾರೆ. ಆ ಫಾರಮಿನ ಝೆರಾಕ್ಸ್ ಅವರ ಹತ್ತಿರ ಇದೆ. ಹೆಸರು ಮುಚ್ಚಿ ಎಲ್ಲರಿಗೂ ತೋರಿಸಬಹುದು ಅಂತ ಅವರೇ ಹೇಳಿದರು.

ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಖಜಾಂಚಿ, 48 ಮನೆಗಳ ಒಂದು ಸೊಸೈಟಿ
ಮುಲುಂಡ್, ಮುಂಬೈ